ಪಗಾರದ ಸಾಲು

ನನಗೆ ಮೀಟಿಂಗಿನಲ್ಲಿ ನಿದ್ದೆ ಬರುತ್ತದೆ. ಮುಚ್ಚಿಟ್ಟು ಪ್ರಯೋಜನವಿಲ್ಲ, ನೋಡಿದವರು ಬಹಳ ಮಂದಿ ಇದ್ದಾರೆ. ಪೂರಾ ನಿದ್ದೆ ಅಲ್ಲ. ಕಣ್ಣು ತೆರೆದೇ ಇರುತ್ತವೆ, ಕಿವಿ ಕೇಳುತ್ತಲೇ ಇರುತ್ತವೆ, ಆದರೆ ಕೇಳಿದ ಅಂಕಿಯೆಲ್ಲ ಒಳಗೆ ಹೋಗಿ ಚಿತ್ರವಾಗಿ ನಿಂತುಬಿಡುತ್ತದೆ. ಗೋಕಾಕದ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸುತ್ತಿದ್ದಾಗಲೂ ಹೀಗೇ ಆಗುತ್ತಿತ್ತು. ಯಂತ್ರದ ಸವಕಳಿಯ ಲೆಕ್ಕ ಬರೆಯುತ್ತ ಬರೆಯುತ್ತ, ಯಾವುದೋ ಹಿಟ್ಟಿನ ಗಿರಣಿ ಮೆಲ್ಲಗೆ ತುಕ್ಕು ಹಿಡಿಯುವುದು ಬೋರ್ಡಿನೊಳಗೆ ಕಾಣುತ್ತಿತ್ತು. ಸೀಮೆಸುಣ್ಣ ಹಿಡಿದು ಸುಮ್ಮನೆ ನಿಂತುಬಿಡುತ್ತಿದ್ದೆ. ಹಿಂದಿನ ಬೆಂಚಿನಿಂದ ಯಾರಾದರೂ "ಅಕ್ಕೋರ, ಮುಂದ?" ಅಂದಾಗಲೇ ಎಚ್ಚರ.

ನಿವೃತ್ತಿಯಾದ ಮೇಲೆ ಒಂದು ಸಕ್ಕರೆ ಕಾರ್ಖಾನೆಯವರು ನನ್ನನ್ನು ತಮ್ಮ ನಿರ್ದೇಶಕ ಮಂಡಳಿಗೆ ಕರೆದರು. ಗೋಕಾಕದಿಂದ ಮೂಡಲಗಿ ಕಡೆ ಹೋಗುವಾಗ ಕಾಲುವೆಯ ಆಚೆ ಅದರ ಚಿಮಣಿ ಕಾಣುತ್ತದೆ. ಕಬ್ಬು ಸುತ್ತಲಿನ ರೈತರದು, ಆಡಳಿತ ಒಂದೇ ಮನೆತನದ್ದು, ಆದರೆ ಅದರ ಷೇರನ್ನು ಮುಂಬಯಿ ಪೇಟೆಯಲ್ಲಿ ಯಾರು ಬೇಕಾದರೂ ಕೊಳ್ಳಬಹುದು. ಹಾಗೆ ಮಂದಿಯ ದುಡ್ಡು ಬಿದ್ದ ಕಂಪನಿಯ ಮಂಡಳಿಯಲ್ಲಿ ಆ ಮನೆತನದ ನಂಟಿಲ್ಲದ ಕೆಲವರು ಇರಬೇಕು, ಒಬ್ಬ ಹೆಂಗಸಾದರೂ ಇರಬೇಕು ಅಂತ ಕಾಯಿದೆ. ಕಾಯಿದೆಗೆ ಒಬ್ಬ ಹೆಂಗಸು ಬೇಕಿತ್ತು, ಅವರಿಗೆ ಬಾಯಿಲ್ಲದ ಹೆಂಗಸು ಬೇಕಿತ್ತು, ಸಿಕ್ಕಿದವಳು ನಾನು. ಅವರ ಹಣೆಬರಹ!

ಅಷ್ಟಕ್ಕೇ ನಿಲ್ಲಲಿಲ್ಲ. ಕಂಪನಿಯ ದೊಡ್ಡವರಿಗೆ ಪಗಾರ ಎಷ್ಟು ಕೊಡಬೇಕು ಅಂತ ಹೇಳುವ ಸಮಿತಿಗೆ ನನ್ನನ್ನೇ ಅಧ್ಯಕ್ಷೆ ಮಾಡಿದರು. ಮೂವರ ಸಮಿತಿ. ಒಬ್ಬರು ಕಣಗಲಾದ ಲೆಕ್ಕಪರಿಶೋಧಕರು. ಜೈನರ ಮನೆತನ, ಅರ್ಧ ಮಾತು ಕನ್ನಡ ಅರ್ಧ ಮರಾಠಿ, ಹೊತ್ತು ಮುಳುಗುವ ಮೊದಲು ಊಟ ಮುಗಿಸುವವರು. ಅವರ ಪುಣ್ಯದಿಂದ ನಮ್ಮ ಮೀಟಿಂಗು ಎಂದೂ ಸಂಜೆಯಾಚೆ ಎಳೆಯಲಿಲ್ಲ. ಅವರನ್ನು ನಾನು ಕಾಕಾ ಅನ್ನುತ್ತಿದ್ದೆ. ಇನ್ನೊಬ್ಬರು ಪುಣೆಯಿಂದ ಪರದೆಯ ಮೇಲೆ ಬರುತ್ತಿದ್ದರು. ಅವರ ಹಣೆ ಮತ್ತು ತಲೆಯ ಮೇಲಿನ ಫ್ಯಾನು ಮಾತ್ರ ಕಾಣುತ್ತಿದ್ದವು. ಹಣೆ ಎಲ್ಲದಕ್ಕೂ ಹೌದು ಅನ್ನುತ್ತಿತ್ತು.

ನಾವು ಪಗಾರ ಗೊತ್ತು ಮಾಡಬೇಕಾಗಿದ್ದು ಮುಖ್ಯವಾಗಿ ಒಬ್ಬನಿಗೆ: ಕಾರ್ಖಾನೆಯ ಎಂಡಿಗೆ. ಕೆಲಸಗಾರರ ಬಾಯಲ್ಲಿ ಅವನು ಸಾವಕಾರ, ಕಾರ್ಖಾನೆ ಕಟ್ಟಿದ ಹಿರಿಯರ ಮಗ. ಒಂದು ವರ್ಷ ನನ್ನ ತರಗತಿಯಲ್ಲೂ ಕೂತಿದ್ದ, ಹಾಗಾಗಿ ಮೀಟಿಂಗಿನಲ್ಲಿ ಬಹುವಚನ, ಮನಸ್ಸಿನಲ್ಲಿ ಏಕವಚನ. ಕೆಟ್ಟ ಹುಡುಗನಲ್ಲ. ನಾನು ಬಂದರೆ ಈಗಲೂ ಕುರ್ಚಿ ಬಿಟ್ಟು ಏಳುತ್ತಾನೆ.

ಕಾಯಿದೆ ಇನ್ನೊಂದು ಮಾತು ಹೇಳುತ್ತದೆ. ಕಂಪನಿಯ ನೌಕರರನ್ನೆಲ್ಲ ಪಗಾರದ ಪ್ರಕಾರ ಒಂದು ಸಾಲಿನಲ್ಲಿ ನಿಲ್ಲಿಸಿದರೆ ನಟ್ಟನಡುವೆ ನಿಂತವನಿಗೆ ಎಷ್ಟು ಸಿಗುತ್ತದೆ, ಮೇಲಿನವನಿಗೆ ಅದರ ಎಷ್ಟು ಪಟ್ಟು ಸಿಗುತ್ತದೆ ಅನ್ನುವುದನ್ನು ವರ್ಷವರ್ಷ ವರದಿಯಲ್ಲಿ ಅಚ್ಚು ಹಾಕಿಸಬೇಕು. ಷೇರು ಇಟ್ಟವರೆಲ್ಲ ಅದನ್ನು ಓದಿ ಮತ ಹಾಕುತ್ತಾರೆ. ಮೊದಲ ಸಲ ಇದನ್ನು ಕೇಳಿದ ದಿನವೇ ನನಗೆ ಆ ಸಾಲು ಕಂಡುಬಿಟ್ಟಿತು.

ಕಾಲುವೆ ದಂಡೆಯ ರಸ್ತೆ. ಕಬ್ಬಿಗೆ ಗರಿ ಬಂದ ಕಾಲ, ಬೆಳ್ಳಗಿನ ಗರಿಗಳ ಮೇಲೆ ಬೆಳ್ಳಗಿನ ಮಂಜು. ಕಾಕಂಬಿಯ ವಾಸನೆ. ಆ ರಸ್ತೆಯ ಉದ್ದಕ್ಕೂ ಜನ ನಿಂತಿದ್ದಾರೆ, ಒಬ್ಬರ ಹಿಂದೆ ಒಬ್ಬರು, ಯಾರೂ ಮಾತಾಡುತ್ತಿಲ್ಲ. ಮುಂದೆ ಇಸ್ತ್ರಿ ಅಂಗಿಯವರು, ಆಮೇಲೆ ಖಾಕಿ, ಆಮೇಲೆ ಎಣ್ಣೆ ಹತ್ತಿದ ಬನಿಯನ್ನು, ಕೊನೆಗೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡವರು. ತುದಿ ಎಲ್ಲಿ ಅಂತ ಕಾಣುವುದಿಲ್ಲ, ಘೋಡಗೇರಿಯ ತನಕ ಹೋಗಿರಬೇಕು. ನಾನು ಸೈಕಲ್ಲಿನ ಮೇಲೆ ನಿಧಾನ ಹೋಗುತ್ತಿದ್ದೇನೆ. ನನಗೆ ಸೈಕಲ್ ಬರುವುದಿಲ್ಲ ಅನ್ನುವುದು ಬೇರೆ ಮಾತು. ನಡುವಿನವನನ್ನು ಹುಡುಕುತ್ತಿದ್ದೇನೆ, ಮುಖಗಳೆಲ್ಲ ಮಂಜಿನೊಳಗೆ. ನಡು ದಾಟಿ ಬಹಳ ದೂರ ಹೋದ ಮೇಲೆ, ಬಾಲದ ಕಡೆಯಲ್ಲಿ, ಒಬ್ಬಳು ಮಾತ್ರ ಕಾಣುತ್ತಾಳೆ. ಸೊಂಟಕ್ಕೆ ಕೈ ಇಟ್ಟು ನಿಂತಿದ್ದಾಳೆ. "ಎಲ್ಲಿ ಹೊಂಟಿ ಬೇ, ಇಳಿ ಕೆಳಗ" ಅನ್ನುತ್ತಾಳೆ.

ಅವಳು ನನ್ನ ಗೆಳತಿ, ನನಗಿಂತ ನಾಲ್ಕೈದು ವರ್ಷ ಸಣ್ಣವಳು. ಹುಕ್ಕೇರಿಯ ಒಂದೇ ಓಣಿಯಲ್ಲಿ ಬೆಳೆದವರು ನಾವು, ಒಂದೇ ಕಟ್ಟೆಯ ಮೇಲೆ ಕೂತು ಹೇನು ಹೆಕ್ಕಿಸಿಕೊಂಡವರು. ನಾನು ಗೋಕಾಕಕ್ಕೆ ನೌಕರಿಗೆ ಬಂದೆ, ಅವಳು ತುಕ್ಕಾನಟ್ಟಿಗೆ ಮದುವೆಯಾಗಿ ಬಂದಳು. ಗಂಡನ ಮನೆಯಲ್ಲಿ ಅಣ್ಣತಮ್ಮಂದಿರ ಪಾಲಾದಾಗ ಇವಳ ಗಂಡನಿಗೆ ದನದ ಕೊಟ್ಟಿಗೆಯ ಬಾಜೂ ಒಂದು ಕೋಣೆ ಬಂತು. "ಅಲ್ಲಿ ಇರಾಕ ನಾನೇನ ಎಮ್ಮೀನ?" ಅಂದವಳೇ ಕಾರ್ಖಾನೆಯ ಕ್ಯಾಂಟೀನಿಗೆ ಅಡಿಗೆಗೆ ಸೇರಿದಳು. ಕೆಲಸ ಕಾಯಂ ಆಯಿತು, ಕಾಲನಿಯಲ್ಲಿ ಕ್ವಾರ್ಟರ್ಸು ಸಿಕ್ಕಿತು, ಗಂಡನನ್ನು ಅಲ್ಲಿಗೆ ಕರೆದುಕೊಂಡು ಬಂದಳು. ಎರಡು ಕೋಣೆ, ಹಿಂದೆ ಒಂದಿಷ್ಟು ಹಿತ್ತಲು, ಕರಿಬೇವು, ಬದನೆ. ಆ ಮನೆಯ ಬೀಗದ ಕೈ ಅವಳ ಸೊಂಟ ಬಿಟ್ಟು ಎಲ್ಲೂ ಇರುವುದಿಲ್ಲ. "ತವರಿನ ಬಾಗಲಾ ಅಪ್ಪಂದು, ಅತ್ತಿಮನಿ ಬಾಗಲಾ ಮಾವಂದು. ಇದೊಂದ ಬಾಗಲಾ ನಂದು" ಅನ್ನುತ್ತಿದ್ದಳು.

ರವಿವಾರ ನಾನು ಅಲ್ಲಿಗೆ ಊಟಕ್ಕೆ ಹೋಗುವುದು ರೂಢಿ. ಬಿಸಿ ರೊಟ್ಟಿ, ಎಣಗಾಯಿ, ಮೇಲೆ ಬೆಣ್ಣೆ. ಉಂಡು ಅವಳ ಹಾಸಿಗೆಯ ಮೇಲೆಯೇ ಮಲಗಿಬಿಡುತ್ತಿದ್ದೆ, ಅವಳು ಕಾಲ ಬಳಿ ಕೂತು ಲೋಕದ ಸುದ್ದಿಯೆಲ್ಲ ಹೇಳುತ್ತಿದ್ದಳು. ಅರ್ಧ ಕನಸಿನಲ್ಲಿ ಕೇಳಿದ ಆ ಸುದ್ದಿಗಳಲ್ಲಿ ಯಾವುದು ನಿಜ, ಯಾವುದು ನನ್ನ ನಿದ್ದೆಯದು, ಈಗಲೂ ಗೊತ್ತಿಲ್ಲ. ನನ್ನ ಜೀವನದ ಸುಖ ಯಾವುದು ಅಂತ ಯಾರಾದರೂ ಕೇಳಿದರೆ ಆ ಮಧ್ಯಾಹ್ನಗಳು ಅಂತಲೇ ಹೇಳುತ್ತೇನೆ.

ಆ ವರ್ಷ ಸಾವಕಾರನ ಪಗಾರ ಹೆಚ್ಚಿಸುವ ಮಾತು ಬಂತು. ಮುಂಬಯಿಯಿಂದ ಒಬ್ಬ ಸಲಹೆಗಾರ ಬಂದ. ಚಂದದ ಬೂಟು, ಚಂದದ ಇಂಗ್ಲಿಷು, ಕನ್ನಡ ಒಂದಕ್ಷರ ಬಾರದು. ಇಂಥದೇ ಬೇರೆ ಕಂಪನಿಗಳ ಎಂಡಿಗಳಿಗೆ ಎಷ್ಟು ಸಿಗುತ್ತದೆ ನೋಡಿ ಅಂತ ಪರದೆಯ ಮೇಲೆ ತೋರಿಸಿದ. ಅವನು ಆರಿಸಿ ತಂದ ಕಂಪನಿಗಳೆಲ್ಲ ನಮ್ಮದಕ್ಕಿಂತ ಎಷ್ಟೋ ಪಾಲು ದೊಡ್ಡವು. ಕಾಕಾ ಕನ್ನಡಕ ಒರೆಸಿಕೊಂಡು ನೋಡಿದರು.

"ಅರೆ ತಮ್ಮಾ," ಅಂದರು, "ಮೂಡಲಗಿ ದನದ ಸಂತ್ಯಾಗ ಕರಾ ಮಾರಾಕ ಬಂದಾಂವ ಆನಿ ರೇಟ ಹೇಳಿದಂಗ ಆತಲ್ಲೋ ಇದು."

ಅವನು ಹೊಗಳಿದರೆಂದು ತಿಳಿದು ನಕ್ಕು ತಲೆ ಆಡಿಸಿದ. ನನಗೆ ನಗು ತಡೆಯಲಾಗದೆ ಕೆಮ್ಮಿದೆ. ಪುಣೆಯ ಹಣೆ ಹೌದು ಅಂದಿತು.

ನಗು ಬಹಳ ಹೊತ್ತು ಉಳಿಯಲಿಲ್ಲ. ಪರದೆಯ ಮೇಲೆ ಮೂರನೆಯ ಪುಟ ಬಂತು. ನಡುವಿನವನ ಪಗಾರಕ್ಕೂ ಸಾವಕಾರನ ಪಗಾರಕ್ಕೂ ಇರುವ ಅಂತರ ನೋಡಿ ಹಿಂದಿನ ವರ್ಷ ಮುಂಬಯಿಯ ದೊಡ್ಡ ಷೇರುದಾರರು ಮೂಗು ಮುರಿದಿದ್ದರಂತೆ. ಈಗ ಪಗಾರ ಹೆಚ್ಚಿಸಿದರೆ ಅಂತರ ಇನ್ನೂ ದೊಡ್ಡದಾಗುತ್ತದೆ. ಅದಕ್ಕೆ ಮದ್ದು ಹೀಗೆ: ಕ್ಯಾಂಟೀನು, ಕಸ ಗುಡಿಸುವವರು, ತೋಟದವರು, ಕಬ್ಬಿನ ಅಂಗಳದವರು, ಇವರನ್ನೆಲ್ಲ ಒಬ್ಬ ಗುತ್ತಿಗೆದಾರನ ಹೆಸರಿಗೆ ದಾಟಿಸುವುದು. ಆಮೇಲೆ ಅವರು ಕಂಪನಿಯ ನೌಕರರಲ್ಲ, ಹಾಗಾಗಿ ಸಾಲಿನಲ್ಲೂ ಇಲ್ಲ. ಬಾಲ ಕತ್ತರಿಸಿದರೆ ನಡು ತಾನಾಗಿಯೇ ಮುಂದಕ್ಕೆ ಸರಿಯುತ್ತದೆ, ಇಸ್ತ್ರಿ ಅಂಗಿಯವರ ಹತ್ತಿರಕ್ಕೆ. ಮೇಲಿನವನು ಮೊದಲಿಗಿಂತ ಹೆಚ್ಚು ತೆಗೆದುಕೊಂಡರೂ ವರದಿಯಲ್ಲಿ ಅಂತರ ಕಡಿಮೆ ಕಾಣುತ್ತದೆ. ಒಬ್ಬರಿಗೂ ಒಂದು ಪೈ ಹೆಚ್ಚು ಕೊಡದೆ!

ನನಗೆ ಆಗ ಕಂಡದ್ದೇ ಬೇರೆ. ಅದೇ ಕಾಲುವೆ ರಸ್ತೆ, ಅದೇ ಮಂಜು. ಯಾರೋ ಬೆಳ್ಳನೆಯ ಬಟ್ಟೆ ಎಳೆದಂತೆ ಮಂಜು ಹಿಂದಿನಿಂದ ಮೇಲೇಳುತ್ತ ಬಂತು, ಸೆರಗು ಸಿಕ್ಕಿಸಿಕೊಂಡವರೆಲ್ಲ ಒಬ್ಬೊಬ್ಬರಾಗಿ ಒಳಗೆ ಹೋದರು. ಸೊಂಟದ ಮೇಲೆ ಕೈ ಇಟ್ಟವಳೂ ಹೋದಳು. ಗುತ್ತಿಗೆಯವರಿಗೆ ಕ್ವಾರ್ಟರ್ಸು ಇಲ್ಲ ಅನ್ನುವುದು ನನಗೆ ಗೊತ್ತಿತ್ತು. ಆ ಪುಟದಲ್ಲಿ ಕ್ವಾರ್ಟರ್ಸಿನ ಮಾತೇ ಇರಲಿಲ್ಲ.

"ಇನ್ನಷ್ಟು ವಿವರ ಬೇಕು. ಮುಂದಿನ ಮೀಟಿಂಗಿಗೆ ಇಡೋಣ" ಅಂದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಮಾತು. ಕಾಕಾ ಒಮ್ಮೆ ನನ್ನ ಮುಖ ನೋಡಿ, "ಹೌದ್ರಿ, ನನಗೂ ಓದಾಕ ಟೈಮ್ ಬೇಕು" ಅಂದರು. ಮುಂದಿನ ಮೀಟಿಂಗು ಬಾಯ್ಲರ್ ಪೂಜೆಯ ದಿನ ಮಧ್ಯಾಹ್ನ ಅಂತ ಆಯಿತು. ಕಬ್ಬು ಅರೆಯುವ ಹಂಗಾಮು ಶುರುವಾಗುವ ಆ ದಿನ ಎಲ್ಲರೂ ಹೇಗೂ ಬರುತ್ತಾರೆ.

ಈಗ ಫಜೀತಿ ನನ್ನದು. ಮಂಡಳಿಯ ಒಳಗಿನ ಮಾತು ಹೊರಗೆ ಹೇಳುವುದಿಲ್ಲ ಅಂತ ಸಹಿ ಮಾಡಿದವಳು ನಾನು. ಷೇರುಪೇಟೆಯ ಕಂಪನಿ, ಹೇಳಿದರೆ ಅಪರಾಧ. ಬರೀ ಅಪರಾಧವಾಗಿದ್ದರೆ ಆಗಲಿ ಹೋಗು ಅನ್ನುತ್ತಿದ್ದೆನೇನೋ. ಆದರೆ ನಾನು ಬಾಯಿ ಬಿಟ್ಟದ್ದು ಗೊತ್ತಾದರೆ ನನ್ನನ್ನು ಸಮಿತಿಯಿಂದ ತೆಗೆಯುತ್ತಾರೆ, ಆಮೇಲೆ ಬೇಡ ಅನ್ನಲು ಯಾರೂ ಇರುವುದಿಲ್ಲ. ಹೇಳಿದರೂ ಅವಳ ಮನೆ ಹೋಗುತ್ತದೆ, ಹೇಳದಿದ್ದರೆ ನಾನು ಅವಳೆದುರು ಹೇಗೆ ಕೂರಲಿ?

ಕೂತೆ. ರವಿವಾರ ಹೋದೆ, ಹೋಗದಿದ್ದರೆ ಅನುಮಾನ ಬಂದೀತು ಅಂತ. ಅವಳು ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದು ಕೇಳಿದರೆ ಸಾಕು, ಮೊದಲೆಲ್ಲ ನನಗೆ ಕಣ್ಣು ಎಳೆಯುತ್ತಿದ್ದವು. ಅವತ್ತು ಎಳೆಯಲಿಲ್ಲ. ಬೆಣ್ಣೆ ಹಚ್ಚಿದ ರೊಟ್ಟಿಯನ್ನು ಮುರಿದು ಮುರಿದು ತಟ್ಟೆಯಲ್ಲೇ ಇಟ್ಟೆ.

"ಯಾಕ ಬೇ, ಉಪ್ಪ ಕಡಿಮಿ ಆಗೈತೇನ?" ಅಂದಳು.

"ಇಲ್ಲ, ಎಲ್ಲಾ ಸರಿ ಐತಿ."

"ಮತ್ತ ಮಾರಿ ಯಾಕ ಹಂಗ ಮಾಡಿ? ಎಮ್ಮಿ ಕಳಕೊಂಡಾರಂಗ."

"ನಿದ್ದಿ ಆಗಿಲ್ಲ."

"ಅಯ್ಯ ಶಿವನ! ನಿನಗ ನಿದ್ದಿ ಆಗಿಲ್ಲಂದ್ರ ಈ ಲೋಕದಾಗ ಮತ್ತ ಯಾರಿಗೆ ಆಗಬೇಕ?" ಅಂತ ನಕ್ಕಳು. ನಾನೂ ನಕ್ಕೆ. ಹಾಸಿಗೆಯ ಮೇಲೆ ಕಣ್ಣು ಮುಚ್ಚಿ ಬಿದ್ದುಕೊಂಡೆ. ಅವಳು ಕಾಲ ಬಳಿ ಕೂತು ಸುದ್ದಿ ಹೇಳಿದಳು, ಕಬ್ಬಿನ ಸುದ್ದಿ, ಯಾರದೋ ಬಾಣಂತನದ ಸುದ್ದಿ. ಹಿತ್ತಲಿನ ಬೆಳಕು ಗೋಡೆಯ ಮೇಲೆ ನೀರಿನಂತೆ ಆಡುತ್ತಿತ್ತು. ಈ ಗೋಡೆ, ಈ ಬೆಳಕು, ಈ ಧ್ವನಿ, ಇವೆಲ್ಲ ನನಗೆ ಮೊದಲೇ ನೆನಪಾಗಿಬಿಟ್ಟಿವೆ ಅನ್ನಿಸಿತು, ಇನ್ನೂ ಇಲ್ಲೇ ಇರುವಾಗಲೇ. ಅಳು ಬಂತು. ಗೋಡೆಯ ಕಡೆ ಹೊರಳಿಕೊಂಡೆ.

ಒಂದು ದಿನ ಸಾವಕಾರ ತನ್ನ ಕಾರಿನಲ್ಲಿ ನನ್ನನ್ನು ಗೋಕಾಕದ ಮನೆಗೆ ಬಿಡಲು ಬಂದ. ತಾನೇ ನಡೆಸುತ್ತಿದ್ದ, ಡ್ರೈವರನ್ನು ಬಿಟ್ಟು ಬಂದಿದ್ದ. ಆಗಲೇ ತಿಳಿಯಿತು ನನಗೆ. ದನದ ಸಂತೆಯಲ್ಲಿ ವ್ಯಾಪಾರಸ್ಥರು ಹೆಗಲ ಮೇಲಿನ ವಲ್ಲಿಯ ಕೆಳಗೆ ಬೆರಳು ಹಿಡಿದು ರೇಟು ಕುದುರಿಸುತ್ತಾರಲ್ಲ, ಹಾಗೆ, ನಾಲ್ಕು ಮಂದಿಗೆ ಕಾಣದ ಮಾತು.

"ಅಕ್ಕೋರ, ಒಬ್ರದೂ ಕೆಲಸ ಹೋಗೂದಿಲ್ರಿ," ಅಂದ. "ಅದ ಅಡಿಗಿಮನಿ, ಅದ ಕೆಲಸ. ಹಾಜರಿ ಮಸ್ಟರದಾಗ ಹೆಸರಷ್ಟ ಬ್ಯಾರೆ."

"ಕ್ವಾರ್ಟರ್ಸ?"

ರಸ್ತೆ ನೋಡಿದ. ಮುಂದಿದ್ದ ಚಕ್ಕಡಿಯೊಂದನ್ನು ದಾಟಿದ. "ಅದಕ್ಕೊಂದ ನಿಯಮ ಐತ್ರಿ" ಅಂದ.

"ನಿನ್ನ ಪಗಾರಕ್ಕ ಅವರ ಮನಿ ಯಾಕೋ ಬಿಡಬೇಕು?" ಬಹುವಚನ ಎಲ್ಲೋ ಜಾರಿ ಹೋಗಿತ್ತು. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ, ಅದಕ್ಕೆ ದೂರ ಬರಬೇಕಾಗಿಲ್ಲ.

ಅವನಿಗೆ ಸಿಟ್ಟು ಬರಲಿಲ್ಲ. ಗೇರು ಬದಲಿಸಿ ಹೇಳಿದ: "ಅಪ್ಪಾರು ಕಾರ್ಖಾನಿಯಿಂದ ಒಂದ ರೂಪಾಯಿ ಪಗಾರ ತಗೋಲಿಲ್ಲಂತ ಮಂದಿ ಇನ್ನೂ ಕೈ ಮುಗೀತಾರ್ರಿ. ಮನಿ ಯಾವ ರೊಕ್ಕದಾಗ ಕಟ್ಟಿದ್ರು, ಜೀಪಿನ ಎಣ್ಣಿ ಯಾರದಿತ್ತು, ಯಾರೂ ಕೇಳಲಿಲ್ಲ. ನಾ ಎಲ್ಲಾ ಕಾಗದದ ಮ್ಯಾಲ ತಗೋತೇನಿ. ನಾ ಕೆಟ್ಟಾಂವ."

ಖರೆ ಹೇಳಿದ್ದ. ಹಿರಿಯರು ಮುಚ್ಚಿ ಉಂಡದ್ದನ್ನು ಇವನು ತೆರೆದು ಉಣ್ಣುತ್ತಿದ್ದ. ಅದು ಒಳ್ಳೆಯದೇ. ಆದರೆ ತೆರೆದು ಉಣ್ಣುವಾಗ ಎಷ್ಟು ಉಂಡೆ ಅಂತ ಕಾಣುತ್ತದೆ, ಆಗ ನಾಚಿಕೆಯಾಗುತ್ತದೆ. ನಾಚಿಕೆ ತಡೆಯಲಾರದೆ ಬಾಜೂ ಕೂತವರ ಎಲೆ ಎತ್ತಿಸುವುದೇನು? ಇದನ್ನು ಹೇಳಬೇಕು ಅಂದುಕೊಳ್ಳುವಷ್ಟರಲ್ಲಿ ಮನೆ ಬಂತು. ಅವನು ಇಳಿದು ಬಂದು ನನ್ನ ಕಡೆಯ ಬಾಗಿಲು ತೆರೆದ. ಹಾಳಾದ ಹುಡುಗ, ಸಿಟ್ಟು ಮಾಡಲೂ ಬಿಡುವುದಿಲ್ಲ.

ಬಾಯ್ಲರ್ ಪೂಜೆಯ ದಿನದ ಊಟಕ್ಕೆ ಆ ಕಾರ್ಖಾನೆಯಲ್ಲಿ ಒಂದು ಪದ್ಧತಿ ಇದೆ, ಹಿರಿಯರು ಹಾಕಿಕೊಟ್ಟದ್ದು. ಗೋದಾಮಿನ ಉದ್ದಕ್ಕೂ ಪತ್ರಾವಳಿ ಹಾಸುತ್ತಾರೆ. ಅಡಿಗೆಯವರು, ಕಸ ಗುಡಿಸುವವರು ಕೂರುವುದು ಸಾಲಿನ ಕಡೇ ತುದಿಗೆ. ಆ ದಿನ ಬೇಯಿಸಿದವರು ಬಡಿಸುವ ಹಾಗಿಲ್ಲ. ಸಾವಕಾರನೇ ಹುಗ್ಗಿಯ ಬಕೆಟ್ಟು ಹಿಡಿದು ಕಡೇ ತುದಿಯಿಂದ ಶುರು ಮಾಡಿ, ಕಾರಕೂನರು, ಇಂಜಿನಿಯರುಗಳು, ನಿರ್ದೇಶಕರು ಅಂತ ಬಡಿಸುತ್ತ ಬಂದು, ಎಲ್ಲರ ಎಲೆಗೂ ಬಿದ್ದ ಮೇಲೆ ತಾನು ಕೂರಬೇಕು. ಅಲ್ಲಿಯ ತನಕ ಯಾರೂ ಎಲೆ ಮುಟ್ಟುವುದಿಲ್ಲ.

ಬೆಳಗಿನ ಮಂಜು ಇನ್ನೂ ಪೂರಾ ಎದ್ದಿರಲಿಲ್ಲ. ಬಾಯ್ಲರಿಗೆ ಬೆಂಕಿ ಇಟ್ಟರು, ಕಾಯಿ ಒಡೆದರು. ಗೋದಾಮಿನಲ್ಲಿ ಎಲ್ಲರೂ ಕೂತೆವು. ನನ್ನ ಬಾಜೂ ಕಾಕಾ. ಸಲಹೆಗಾರ ಒಂದು ಕುರ್ಚಿಯ ಮೇಲೆ ಕೂತು ಫೋಟೋ ತೆಗೆಯುತ್ತಿದ್ದ. ಗೋದಿ ಹುಗ್ಗಿಯ ಏಲಕ್ಕಿ ವಾಸನೆಗೆ ನನಗೆ ಮತ್ತೆ ಮಂಪರು. ಸಾವಕಾರ ಬಕೆಟ್ಟು ಹಿಡಿದು ಕಡೇ ತುದಿಗೆ ನಡೆದು ಹೋದದ್ದು ಕಾಣಿಸಿತು. ಆಮೇಲೆ ಅವನು ಅಲ್ಲೇ ನಿಂತ. ಬಹಳ ಹೊತ್ತು ನಿಂತ. ಬಗ್ಗಲಿಲ್ಲ.

ಒಬ್ಬೊಬ್ಬರಾಗಿ ಕತ್ತು ಹೊರಳಿಸಿದೆವು. ಆ ತುದಿಯಲ್ಲಿ ಎಲೆಗಳಿದ್ದವು. ಉಪ್ಪು, ಶೇಂಗಾ ಚಟ್ನಿ, ಲೋಟದಲ್ಲಿ ನೀರು, ಎಲ್ಲ ಇತ್ತು. ಜನ ಇರಲಿಲ್ಲ.

ಆದದ್ದು ಇಷ್ಟು. ಬೆಂಗಳೂರು ಕಡೆಯಿಂದ ಹೊಸದಾಗಿ ಬಂದ ಸಿಬ್ಬಂದಿ ಅಧಿಕಾರಿ, ಸಮಿತಿ ಹೇಗೂ ಒಪ್ಪುತ್ತದೆ ಅಂತ ತಿಳಿದು, ಗುತ್ತಿಗೆಗೆ ಹೋಗಬೇಕಾದವರಿಗೆಲ್ಲ ಮೊದಲೇ ಗುತ್ತಿಗೆದಾರನ ಟೋಕನ್ ಕೊಟ್ಟು, ಊಟ ಹೊರಗಿನ ಶೆಡ್ಡಿನಲ್ಲಿ ಅಂತ ಹೇಳಿಬಿಟ್ಟಿದ್ದ. ಹುಗ್ಗಿ ಬೇಯಿಸಿದವರಿಗೆ ಹುಗ್ಗಿ ಉಣ್ಣಲು ಟೋಕನ್!

ನಮ್ಮ ಕಡೆ ಮನುಷ್ಯರಿಲ್ಲದ ಎಲೆಗೆ ಬಡಿಸಿದರೆ ಅದು ತೀರಿಕೊಂಡವರ ಎಡೆ. ಹಾಸಿದ ಎಲೆಯನ್ನು ಉಣ್ಣದೆ ಎತ್ತುವುದು ಅದಕ್ಕಿಂತ ಕೆಟ್ಟದ್ದು. ಸಾವಕಾರ ಬಡಿಸುವ ಹಾಗಿಲ್ಲ, ಬಿಟ್ಟು ಮುಂದೆ ಬರುವ ಹಾಗಿಲ್ಲ. ಅದೂ ಬೆಂಕಿ ಇಟ್ಟ ದಿನ. ಸಾಲಿನಿಂದ ಯಾರೋ ಹಿರಿಯರು, "ಖಾಲಿ ಎಲಿಗೆ ನೀಡಬ್ಯಾಡ್ರಿ ಸಾವಕಾರ್ರ" ಅಂದರು.

"ಈ ಎಲಿ ಯಾರ ಹಾಸಿದ್ರು?" ಅಂದ ಅವನು.

"ನಾವ ಹಾಸೇವ್ರಿ." ನನ್ನ ಗೆಳತಿಯ ಧ್ವನಿ. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಅವಳ ಹಿಂದೆ ಉಳಿದವರೆಲ್ಲ. "ವರ್ಸಾ ಹಾಸೂವಷ್ಟ ಹಾಸೇವಿ. ಆದ್ರ ನಮಗ ಅತ್ತಾಗ ಟೋಕನ್ ಕೊಟ್ಟಾರು."

ಅಧಿಕಾರಿ ಏನೋ ಪಿಸುಗುಟ್ಟಿದ. ಸಾವಕಾರ ಅವನ ಕಡೆ ನೋಡಲಿಲ್ಲ. ಬಕೆಟ್ಟು ನೆಲಕ್ಕಿಟ್ಟು ಬಾಗಿಲ ತನಕ ಹೋದ. "ಬರ್ರಿ ಅಕ್ಕಾರ. ಹುಗ್ಗಿ ಆರಾಕತ್ತೈತಿ" ಅಂದ.

ಅವಳು ಹೆಜ್ಜೆ ಎತ್ತಲಿಲ್ಲ. "ಇವತ್ತೊಂದ ದಿನಾ ಏನ್ರಿ?" ಅಂದಳು.

ಆ ಪ್ರಶ್ನೆ ಗೋದಾಮಿನಲ್ಲಿ ಅಷ್ಟು ಮೆಲ್ಲಗೆ ಹೇಗೆ ಎಲ್ಲರಿಗೂ ಕೇಳಿಸಿತೋ! ಸಾವಕಾರನ ಕಿವಿ ಕೆಂಪಾದವು, ತರಗತಿಯಲ್ಲಿ ಉತ್ತರ ಬಾರದಾಗ ಆಗುತ್ತಿದ್ದ ಹಾಗೆ. ನೆಲ ನೋಡಿದ. ಹಿಂತಿರುಗಿ ಆ ಖಾಲಿ ಎಲೆಗಳನ್ನು ನೋಡಿದ. ಆಮೇಲೆ ತಲೆ ಎತ್ತಿ, "ಇಲ್ರಿ. ವರ್ಸಾ ವರ್ಸಾನೂ" ಅಂದ. ಅವಳು ಬಂದಳು, ಹಿಂದೆ ಎಲ್ಲರೂ ಬಂದು ಕೂತರು. ಅವನು ಮೊದಲ ಸೌಟು ಅವಳ ಎಲೆಗೆ ಹಾಕಿದ. ಕಾಕಾ ನನ್ನ ಬಾಜೂ ಮೂಗು ಒರೆಸಿಕೊಂಡು, "ಹುಗ್ಗಿ ಹಬಿ ಕಣ್ಣಿಗೆ ಹತ್ತಾಕತ್ತೈತ್ರಿ" ಅಂದರು. ಹುಗ್ಗಿ ನಮ್ಮಿಂದ ಎಷ್ಟೋ ದೂರ ಇತ್ತು.

ಮಧ್ಯಾಹ್ನ ಸಮಿತಿ ಕೂತಿತು. ಅವತ್ತು ನನಗೆ ನಿದ್ದೆ ಹತ್ತಿರ ಸುಳಿಯಲಿಲ್ಲ. ಮೂರನೆಯ ಪುಟ ಬೇಡ ಅಂದೆ. ಬೇಡ ಅಂತ ಕಾಕಾ. ಪುಣೆಯ ಹಣೆ ಇದಕ್ಕೂ ಹೌದು ಅಂದಿತು, ದೇವರು ಅದಕ್ಕೆ ಒಳ್ಳೆಯದು ಮಾಡಲಿ. ಹೊರಗೆ ಕಾಯುತ್ತಿದ್ದ ಸಾವಕಾರನನ್ನು ಕರೆದು ಹೇಳಿದಾಗ ಅವನು ಅಂದದ್ದು ಇಷ್ಟೇ: "ಆತ್ರಿ. ಅಂತರ ಇದ್ದಂಗ ಅಚ್ಚಾಗಲಿ. ಮುಂಬೈದವ್ರು ಬೈತಾರ, ಬೈಲಿ." ಪಗಾರ ಹೆಚ್ಚಿಸಿದೆವು, ಸಲಹೆಗಾರ ಹೇಳಿದಷ್ಟಲ್ಲ. ಅದರಲ್ಲೂ ಒಂದು ಪಾಲು ರೈತರ ಕಬ್ಬಿನ ಬಿಲ್ಲು ಹೊತ್ತಿಗೆ ಸಂದರೆ ಮಾತ್ರ. ಲಾಭದ ಲೆಕ್ಕ ತಪ್ಪಿತ್ತು ಅಂತ ಮುಂದೆ ಗೊತ್ತಾದರೆ ತೆಗೆದುಕೊಂಡದ್ದನ್ನು ತಿರುಗಿ ಕೊಡಬೇಕು ಅಂತಲೂ ಬರೆಸಿದೆವು. ಸಹಿ ಮಾಡುವಾಗ ಅವನ ಕೈ ಹಗುರ ಇತ್ತು. ಕಾಕಾ ಹೊತ್ತು ಮುಳುಗುವ ಮೊದಲು ಕಣಗಲಾ ದಾರಿ ಹಿಡಿದರು.

ನಾನು ನೆಟ್ಟಗೆ ಕಾಲನಿಗೆ ಹೋದೆ. ಈಗ ಹೇಳಬಹುದಿತ್ತು. ಓಡಿಯೇ ಹೋದೆನೋ ಏನೋ, ಬಾಗಿಲಿಗೆ ಬಂದಾಗ ಏದುಸಿರು. ಗೆಳತಿ ಒಳಗಿನ ಕೋಣೆಯಲ್ಲಿ ನೆಲದ ಮೇಲೆ ಕೂತಿದ್ದಳು. ಸುತ್ತಲೂ ಗೋಣಿಚೀಲಗಳು. ಅಟ್ಟ ಖಾಲಿ, ಗೋಡೆಯ ಗೂಡು ಖಾಲಿ. ಪರಾತ, ಬೋಗುಣಿ, ಸೇರು, ಕೊಡ, ಎಲ್ಲ ಚೀಲದೊಳಗೆ, ಬಾಯಿಗೆ ಹುರಿ ಬಿಗಿದು. ಅವಳು ಒಂದೊಂದೇ ಗಂಟು ಬಿಚ್ಚುತ್ತಿದ್ದಳು.

"ಇದೆಲ್ಲಾ ಯಾವಾಗ ಕಟ್ಟಿದಿ?" ಅಂದೆ.

"ನಿನ್ನಿ ರಾತ್ರಿ, ಟೋಕನ್ ಕೊಟ್ಟ ಮ್ಯಾಲ. ಗೊತ್ತಾಗಿದ್ದು ಮೊದಲ. ಆ ಬೂಟಿನಾಂವ ಬಂದಿದ್ದನಲ್ಲ, ಅವತ್ತ ಚಾ ತಗೊಂಡ ನಾನ ಒಳಗ ಬಂದಿದ್ನಿ. ನೀ ಪರದೇನ ನೋಡಾಕತ್ತಿದ್ದಿ, ನಾ ಬಂದದ್ದ ಗೊತ್ತಾಗಲಿಲ್ಲ ನಿನಗ. ನಮ್ಮ ಕ್ಯಾಂಟೀನ್ ಬಾಗಲಾ ಮ್ಯಾಲಿನ ಇಂಗ್ಲೀಷ್ ಅಕ್ಷರ ಅಲ್ಲಿ ಬರದಿತ್ತು. ಬಾಜೂಕ ಕೆಂಪ ಗೀಟ. ಮುಂದ ಗುತ್ತಿಗೆದಾರನ ಮನಶ್ಯಾ ಬಂದ ಕೋಣಿ ಅಳತಿ ಮಾಡಿಕೊಂಡ ಹ್ವಾದ. ತಿಳೀಲಾರದ್ದೇನೈತಿ ಅದರಾಗ?"

"ಮತ್ತ ನನ್ನ ಯಾಕ ಕೇಳಲಿಲ್ಲ? ಅಷ್ಟ ರವಿವಾರ ಬಂದ್ನಿ."

"ಕೇಳಿದ್ರ ನೀ ಸುಳ್ಳ ಹೇಳಬೇಕಾಗತಿತ್ತು. ಇಲ್ಲಾ ಖರೆ ಹೇಳಿ ಸಿಕ್ಕೊಳ್ತಿದ್ದಿ. ಯಾಕ ಬೇಕ?" ಹಲ್ಲಿನಿಂದ ಹುರಿಯ ಗಂಟು ಎಳೆದಳು. "ನೀ ಗ್ವಾಡಿ ಕಡೆ ಮಾರಿ ಮಾಡಿ ಅಳೂದನ್ನ ನೋಡೇನಿ ನಾ. ಅದಕ್ಕ ಬಾಣಂತಿ ಸುದ್ದಿ ಹೇಳಿದ್ನಿ."

ಅವಳೆದುರು ಕೂತು ಅತ್ತೆ, ನಾಚಿಕೆ ಬಿಟ್ಟು, ಸೆರಗು ನೆನೆಯುವ ಹಾಗೆ. ಅವಳು ತಡೆಯದೆ ಅಳಲು ಬಿಟ್ಟಳು. ಆಮೇಲೆ ನಾನು, ಮೂಗು ಸೋರುತ್ತಲೇ, ಹೇಳಬೇಕಾದ್ದನ್ನು ಹೇಳಿದೆ: "ನಾ ಬ್ಯಾಡ ಅನ್ನಾಕ ತಯಾರಾಗೇ ಬಂದಿದ್ನಿ ಬೇ ಇವತ್ತ. ನೀ ಎಲಿ ಹಾಸದಿದ್ರೂ ಬ್ಯಾಡ ಅಂತಿದ್ನಿ."

ಅವಳು ಪರಾತ ಹೊರತೆಗೆದು, ಸೆರಗಿನಿಂದ ಧೂಳು ಒರೆಸಿ, ಗೋಡೆಗೆ ಆನಿಸಿಟ್ಟಳು.

"ಅಂತಿದ್ದಿ ಏನೋ," ಅಂದಳು. "ನನಗ ಖಾತ್ರಿ ಇರಲಿಲ್ಲ ಬೇ. ಅದಕ್ಕ ಎಲಿ ಹಾಸಿದ್ನಿ."

ಸಿಟ್ಟು ಬರಬೇಕಿತ್ತು. ಸಣ್ಣ ಮಾತಿಗೂ ಹಾರಿಬೀಳುವವಳು ನಾನು. ಬರಲಿಲ್ಲ. ಇನ್ನೊಂದು ಚೀಲ ನನ್ನ ಕಡೆ ಎಳೆದುಕೊಂಡು ಗಂಟು ಬಿಚ್ಚತೊಡಗಿದೆ. ಖರೆ ಹೇಳಬೇಕೆಂದರೆ, ನನಗೂ ಖಾತ್ರಿ ಇರಲಿಲ್ಲ.